ಮೂಗೆತ್ತಿದರೆ ನಿಲ್ಲುವ ಎಂಜಿನ್

ಪ್ರಶ್ನೆ: ನನ್ನ ರೇಡಿಯೊ ನಿಯಂತ್ರಿತ ಮಾದರಿ ವಿಮಾನದ ಗ್ಲೋ ಎಂಜಿನ್ (ಮೆಥನಾಲ್ ಇಂಧನದಿಂದ ಓಡುವ ಪುಟ್ಟ ಎಂಜಿನ್) ನೆಲದ ಮೇಲೆ ಸರಾಗವಾಗಿ ಓಡುತ್ತದೆ; ಮೇಲೇರುವಾಗ ಮಾತ್ರ ನಿಂತುಹೋಗುತ್ತದೆ. ಹೋದ ವಾರ ಇಳಿಸುವಾಗ ವಿಮಾನ ಮುಗ್ಗರಿಸಿತ್ತು. ಇಂಧನದ ಹರಿವನ್ನು ಹೊಂದಿಸುವ ಸೂಜಿ ಕವಾಟವನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಾಗಿಲ್ಲ. ದೋಷ ಎಲ್ಲಿದೆ?

ಉತ್ತರ: ಆ ಮುಗ್ಗರಿಕೆಯ ಮೇಲೆಯೇ ನನಗೆ ಅನುಮಾನ. ಟ್ಯಾಂಕಿನೊಳಗಿಂದ ಎಂಜಿನ್ನಿಗೆ ಇಂಧನ ಒಯ್ಯುವ ಮೆತ್ತನೆಯ ಸಿಲಿಕೋನ್ ಕೊಳವೆಯ ತುದಿಯಲ್ಲಿ ‘ಕ್ಲಂಕ್’ ಎಂಬ ಲೋಹದ ತೂಕವಿರುತ್ತದೆ. ವಿಮಾನ ಹೇಗೆ ಹೊರಳಿದರೂ ಅದು ಇಂಧನವಿರುವ ಕಡೆಗೇ ವಾಲುತ್ತದೆ. ಬಿದ್ದ ರಭಸಕ್ಕೆ ಅದು ಮುಂದಕ್ಕೆ ಚಿಮ್ಮಿ, ಕೊಳವೆ ಮಡಚಿಕೊಂಡು ಅಲ್ಲೇ ಸಿಕ್ಕಿಕೊಂಡಿದ್ದರೆ, ಮೂಗೆತ್ತಿದಾಗ ಇಂಧನವೆಲ್ಲ ಹಿಂದಕ್ಕೆ ಸರಿದು ಎಂಜಿನ್ನಿಗೆ ಬರಿಯ ಗಾಳಿ ಸಿಗುತ್ತದೆ. ಟ್ಯಾಂಕನ್ನು ಹೊರತೆಗೆದು ಅಲ್ಲಾಡಿಸಿ; ಟಕಟಕ ಸದ್ದು ಕೇಳಿಸದಿದ್ದರೆ ಅನುಮಾನ ಬಹುಮಟ್ಟಿಗೆ ನಿಜ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಇದೇ ಗತಿಯಾದ್ದರಿಂದ ಹೊಸದನ್ನೇ ಹಾಕುವುದು ಲೇಸು. ಕ್ಲಂಕ್ ಹಿಂಬದಿಯ ಗೋಡೆಗೆ ತಾಗದಂತೆ ಅಳೆದು ಕತ್ತರಿಸಿ.

ಮರುಜೋಡಿಸುವಾಗ ಟ್ಯಾಂಕಿನ ನಡುಮಟ್ಟವು ಕಾರ್ಬ್ಯುರೇಟರಿನ ಸೂಜಿ ಕವಾಟದ ಮಟ್ಟಕ್ಕೆ ಸರಿಯಾಗಿ ಅಥವಾ ತುಸು ಕೆಳಗಿರಲಿ. ಸುತ್ತಲೂ ಸ್ಪಂಜು ಸುತ್ತಿ, ಇಲ್ಲವಾದರೆ ಅದುರುವಿಕೆಗೆ ಇಂಧನ ನೊರೆಗಟ್ಟುತ್ತದೆ. ಸೈಲೆನ್ಸರಿನಿಂದ ಒತ್ತಡ ತರುವ ಕೊಳವೆಯ ಒಳತುದಿ ಟ್ಯಾಂಕಿನ ಮೇಲ್ಭಾಗದ ಸಮೀಪವಿರಬೇಕು. ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ: ಕಾರ್ಬ್ಯುರೇಟರಿನ ಕೊಳವೆಯನ್ನು ಕಳಚದೆ ಇಂಧನ ತುಂಬಿಸಿದರೆ ಅದು ಸಿಲಿಂಡರಿಗೆ ನುಗ್ಗಬಹುದು, ಆಗ ಸ್ಟಾರ್ಟರ್ ಹಚ್ಚಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಮುಂದೆ ಪೆಟ್ರೋಲ್ ಎಂಜಿನ್ ಕೊಂಡರೆ ಈ ಸಿಲಿಕೋನ್ ಕೊಳವೆಯನ್ನು ಬಳಸಬೇಡಿ. ಅದು ಮೆಥನಾಲ್ ಇಂಧನಕ್ಕೆ ತಾಳಿಕೊಳ್ಳುತ್ತದೆ, ಪೆಟ್ರೋಲಿನಲ್ಲಿ ಉಬ್ಬಿ ಹಾಳಾಗುತ್ತದೆ.