ಅಪ್ಪ ಅಮ್ಮ ಆರು ತಿಂಗಳು ಅಮೆರಿಕದಲ್ಲಿದ್ದರೆ ಇಲ್ಲಿನ ಹೆಲ್ತ್ ಇನ್ಶೂರೆನ್ಸ್ ಪಾಲಿಸಿ ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ನೀವು ಟೆಕ್ಸಾಸ್‌ನಲ್ಲಿದ್ದೀರಿ, ಅಪ್ಪ ಅಮ್ಮ ದಾವಣಗೆರೆಯಿಂದ ಆರು ತಿಂಗಳಿಗೆ ಬರ್ತಾರೆ, ಇಬ್ಬರಿಗೂ ಬಿಪಿ ಶುಗರ್ ಇದೆ, ಸುಮ್ನೆ ಎರಡು ಕಡೆ ಯಾಕೆ ಪ್ರೀಮಿಯಂ ಕಟ್ಟಬೇಕು ಅಂತ ಕೇಳಿದ್ದೀರಿ. ನಮ್ಮ ಅಕ್ಕನೂ ನ್ಯೂಜೆರ್ಸಿಯಿಂದ ಇದನ್ನೇ ಕೇಳಿದ್ದಳು.

ಟೂರಿಸ್ಟ್ ವೀಸಾದಲ್ಲಿ ಬಂದವರಿಗೆ ಅಲ್ಲಿನ ಮೆಡಿಕೇರ್, ಅಂದ್ರೆ ವಯಸ್ಸಾದವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್, ಸಿಗೋದಿಲ್ಲ. ನಿಮ್ಮ ಕಂಪನಿಯ ಇನ್ಶೂರೆನ್ಸ್‌ಗೆ ಹೆಂಡತಿ ಮಕ್ಕಳನ್ನು ಸೇರಿಸಬಹುದು, ಅಪ್ಪ ಅಮ್ಮನನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಉಳಿಯೋದು ವಿಸಿಟರ್ ಪಾಲಿಸಿ, ಅಂದ್ರೆ ಸ್ವಲ್ಪ ದಿನಕ್ಕೆ ಬಂದು ಹೋಗುವವರಿಗೆ ಮಾಡಿಸುವ ಇನ್ಶೂರೆನ್ಸ್. ಜಾರಿ ಬಿದ್ದು ಕಾಲು ಮುರಿದರೆ, ಹೊಸದಾಗಿ ಏನಾದರೂ ಬಂದರೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಹಳೇ ಶುಗರ್‌ನ ಮಾಮೂಲಿ ಚೆಕಪ್ಪು, ಮಾತ್ರೆ ಸಾಮಾನ್ಯವಾಗಿ ಅದರಲ್ಲಿ ಬರಲ್ಲ. ಹಳೇ ಕಾಯಿಲೆ ಏಕಾಏಕಿ ಜೋರಾದರೆ ಮಾತ್ರ ಕೊಡ್ತೀವಿ ಅಂತ ಬರೆದಿರುತ್ತಾರೆ, ಅದಕ್ಕೂ ವಯಸ್ಸಿನ ಮಿತಿ ಹಾಕಿರುತ್ತಾರೆ. ಹಾಗಾಗಿ ಮಾತ್ರೆಯನ್ನು ಡಾಕ್ಟರ್ ಚೀಟಿ ಸಮೇತ ಇಲ್ಲಿಂದಲೇ ತರೋಕೆ ಹೇಳಿ.

ಖರ್ಚಿನ ವಿಷಯಕ್ಕೆ ಬಂದರೆ, ಹೋಲಿಸೋದೇ ಕಷ್ಟ. ಅಲ್ಲಿ ಕಂಪನಿ ಮೂಲಕ ಮಾಡಿಸುವ ಕುಟುಂಬದ ಪಾಲಿಸಿಗೆ 2024ರಲ್ಲಿ ವರ್ಷಕ್ಕೆ ಸರಾಸರಿ 25,572 ಡಾಲರ್, ಅಂದ್ರೆ ಇಪ್ಪತ್ತು ಲಕ್ಷ ರೂಪಾಯಿಗೂ ಜಾಸ್ತಿ. ಅದರಲ್ಲಿ ನೌಕರನ ಸಂಬಳದಿಂದ ಹೋಗಿದ್ದು 6,296 ಡಾಲರ್, ಮಿಕ್ಕಿದ್ದು ಕಂಪನಿಯದು. ಅಷ್ಟಾದರೂ ಡಿಡಕ್ಟಿಬಲ್ ಅಂತ ಮೊದಲ ಸಾವಿರಾರು ಡಾಲರ್ ನಿಮ್ಮ ಕೈಯಿಂದಲೇ.

ನಮ್ಮಲ್ಲಿ ಪ್ರೀಮಿಯಂ ಕಡಿಮೆ, ಆದರೆ ಸಣ್ಣ ಅಕ್ಷರದಲ್ಲಿ ಹೊಡೆತ ಕೊಡ್ತಾರೆ. ನಮ್ಮ ದೊಡ್ಡಪ್ಪನದು 3 ಲಕ್ಷದ ಪಾಲಿಸಿ, ರೂಮ್ ಬಾಡಿಗೆಗೆ ದಿನಕ್ಕೆ ಪಾಲಿಸಿ ಮೊತ್ತದ ಶೇ. 1 ಮಿತಿ, ಅಂದ್ರೆ 3,000. ಇಲ್ಲೇ ಊರಿನ ಒಂದು ಆಸ್ಪತ್ರೆಯಲ್ಲಿ 4,500ರ ರೂಮ್ ಹಿಡಿದರು. ಹೆಚ್ಚಿನ 1,500 ಮಾತ್ರ ನಾವು ಕೊಡಬೇಕು ಅಂದುಕೊಳ್ತೀರಿ ಅಲ್ವಾ? ಡಿಸ್ಚಾರ್ಜ್ ದಿನ ಟಿಪಿಎ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವವರು) ಕೌಂಟರಿನಲ್ಲಿ ನೋಡಿದರೆ, ರೂಮ್ ಬಾಡಿಗೆ ಮಿತಿಗಿಂತ ಎಷ್ಟು ಜಾಸ್ತಿಯೋ ಅದೇ ಲೆಕ್ಕದಲ್ಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಮೂರನೇ ಒಂದು ಭಾಗ ಕತ್ತರಿಸಿದ್ದರು. ನಿಮ್ಮ ಅಪ್ಪನ ಪಾಲಿಸಿಯಲ್ಲಿ ಈ ರೂಮ್ ಬಾಡಿಗೆ ಮಿತಿಯ ಸಾಲು ಇದೆಯಾ, ಇವತ್ತೇ ನೋಡಿ.

ಇಷ್ಟಿದ್ದರೂ ಬಿಡಬಾರದು ಅನ್ನೋದಕ್ಕೆ ಕಾರಣ ವೇಟಿಂಗ್ ಪೀರಿಯಡ್. ಬಿಪಿ ಶುಗರ್‌ನಂಥ ಹಳೇ ಕಾಯಿಲೆಗೆ ಇನ್ಶೂರೆನ್ಸ್ ಕಂಪನಿಗಳು ಕ್ಲೇಮ್ ಕೊಡದೆ 3 ವರ್ಷದವರೆಗೆ ಕಾಯಿಸಬಹುದು. ಪಾಲಿಸಿ ಕಡಿದುಹೋಗಿ ಹೊಸದು ಮಾಡಿಸಿದರೆ ಮತ್ತೆ ಒಂದರಿಂದ ಎಣಿಸಬೇಕು, ಈ ವಯಸ್ಸಿಗೆ ಹೊಸದಾಗಿ ಕೊಡ್ತಾರೋ ಇಲ್ವೋ ಅದೂ ಬೇರೆ. ವೈಯಕ್ತಿಕ ಪಾಲಿಸಿಗೆ ಇದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ, ಅಷ್ಟು ಹಗುರ.

ರಿನ್ಯೂವಲ್ ತಾರೀಖು ಅವರು ಅಲ್ಲಿರುವಾಗ ಬಿದ್ದರೆ ಹೊರಡೋ ಮುಂಚೆಯೇ ಕಟ್ಟಿಸಿಬಿಡಿ. ಓಟಿಪಿ ಬರೋದು ಅಪ್ಪನ ಇಲ್ಲಿನ ಸಿಮ್‌ಗೆ, ಅಲ್ಲಿ ಕೂತು ಅದಕ್ಕೆ ಪರದಾಡೋದು ಬೇಡ.