ಹಸುವಿನ ಕೊಂಬು ಟೊಳ್ಳಾ, ಗಟ್ಟಿಯಾ?

ಪ್ರಶ್ನೆ: ಹಸು, ಕುರಿ, ಮೇಕೆ ಎಲ್ಲ ‘ಟೊಳ್ಳು ಕೊಂಬಿನ ಪ್ರಾಣಿಗಳು’ ಅಂತ ಮಗಳ ಪುಸ್ತಕದಲ್ಲಿದೆ. ಮುಟ್ಟಿದರೆ ಕಲ್ಲಿನ ಹಾಗಿರುವ ಕೊಂಬು ಟೊಳ್ಳು ಹೇಗೆ? ಜಿಂಕೆ ಯಾಕೆ ಈ ಗುಂಪಿನಲ್ಲಿಲ್ಲ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಟೊಳ್ಳು ಅನ್ನುವುದು ಮೇಲಿನ ಕವಚಕ್ಕೆ ಮಾತ್ರ. ಬದುಕಿರುವ ಹಸುವಿನಲ್ಲಿ ಅದರೊಳಗೆ ಎಲುಬು ಇರುತ್ತದೆ.

ನಾನು ದನದ ಡಾಕ್ಟರಾಗಿದ್ದಾಗ ಯಲಹಂಕದ ಹತ್ತಿರ ಒಂದು ಮನೆಗೆ ಕರೆದಿದ್ದರು. ಹಸು ಗೇಟಿನ ಕಂಬಿಗೆ ಕೊಂಬು ಸಿಕ್ಕಿಸಿಕೊಂಡು ಎಳೆದಾಡಿತ್ತು. ಕವಚ ಪೂರ್ತಿ ಕಳಚಿ, ಒಳಗಿನ ಎಲುಬು ಕೆಂಪಗೆ ಹಸಿಹಸಿಯಾಗಿ ನಿಂತಿತ್ತು. ಮನೆಯ ಅಜ್ಜಿ ಆ ಕವಚ ಹಿಡಿದುಕೊಂಡು ಅಳುತ್ತಿದ್ದರು. ಇಸ್ಕೊಂಡು ನೋಡಿದೆ. ಲೋಟದ ಹಾಗೆ ಒಳಗೆಲ್ಲ ಖಾಲಿ. ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ ಅದು. ಎಲುಬಿನಲ್ಲಾದರೋ ರಕ್ತ ಓಡಾಡುತ್ತದೆ, ಸುತ್ತ ನರಗಳಿವೆ. ಬೆಳೆದ ದನಗಳಲ್ಲಿ ಆ ಎಲುಬಿನೊಳಗೂ ಗಾಳಿಯ ಗೂಡಿದ್ದು, ಹಣೆಯ ಸೈನಸ್‌ಗೆ ಸೇರಿಕೊಂಡಿರುತ್ತದೆ, ಆ ಸೈನಸ್ ಮೂಗಿಗೆ ತೆರೆದುಕೊಳ್ಳುತ್ತದೆ. ಬುಡದಲ್ಲಿ ಮುರಿದರೆ ಮೂಗಿನಿಂದಲೂ ರಕ್ತ ಬರುವುದು ಅದಕ್ಕೇ. ಹಾಗಾದಾಗ ಸುಮ್ನೆ ಅರಿಶಿನ ಮೆತ್ತಿ ಬಿಡಬೇಡಿ, ಡಾಕ್ಟರನ್ನು ಕರೆಸಿ. ಆ ಹಸು ವಾಸಿಯಾಯಿತು. ಎಲುಬಿನ ಮೇಲೆ ಹೊಸ ಕವಚ ಬಂತು, ಸ್ವಲ್ಪ ಒರಟು ಅಷ್ಟೇ.

ಇನ್ನು ಜಿಂಕೆ. ಕನ್ನಡದಲ್ಲಿ ಎರಡಕ್ಕೂ ಕೊಂಬು ಅಂತಲೇ ಹೇಳುತ್ತೇವೆ, ಗೊಂದಲ ಅಲ್ಲೇ ಶುರು. ಚುಕ್ಕೆ ಜಿಂಕೆ, ಕಡವೆಯ ಕೊಂಬು ಪೂರ್ತಿ ಎಲುಬು. ಗಂಡಿಗೆ ಮಾತ್ರ ಬರುತ್ತದೆ, ಕವಲೊಡೆಯುತ್ತದೆ, ಉದುರಿ ಮತ್ತೆ ಹುಟ್ಟುತ್ತದೆ. ಹಸುವಿನ ಬಳಗದ್ದು ಕವಲೊಡೆಯುವುದಿಲ್ಲ, ತಾನಾಗಿ ಉದುರುವುದೂ ಇಲ್ಲ. ಮಕ್ಕಳಿಗೆ ನಾನು ಒಂದನ್ನು ಟೊಳ್ಳುಗೊಂಬು, ಇನ್ನೊಂದನ್ನು ಕವಲುಗೊಂಬು ಅಂತ ಹೇಳಿಕೊಡುತ್ತೇನೆ. ಬೇಗ ತಲೆಗೆ ಹತ್ತುತ್ತದೆ.

ಹೆಸರು ನೋಡಿ ಮೋಸ ಹೋಗಬೇಡಿ. ಕಾಡುಕುರಿ ಕುರಿಯಲ್ಲ, ಬೊಗಳುವ ಜಿಂಕೆ. ಕೊಂಡುಕುರಿ ಟೊಳ್ಳುಗೊಂಬಿನದು, ಗಂಡಿಗೆ 4 ಕೊಂಬು. ಜಗಳೂರು ಕಡೆಯ ರಂಗಯ್ಯನದುರ್ಗದಲ್ಲಿ ಅದಕ್ಕಾಗಿಯೇ ಅಭಯಾರಣ್ಯವಿದೆ. ಕೃಷ್ಣಮೃಗವನ್ನು ಜಿಂಕೆ ಅನ್ನುವವರೇ ಜಾಸ್ತಿ, ಆದರೆ ಅದೂ ಹಸುವಿನ ಬಳಗವೇ. ಈ ಬಳಗಕ್ಕೆ ವಿಜ್ಞಾನಿಗಳ ಹೆಸರು ಬೋವಿಡೇ. ಹಳೆಯ ಪುಸ್ತಕಗಳಲ್ಲಿ ಕ್ಯಾವಿಕಾರ್ನಿಯಾ ಅಂತಿರುತ್ತದೆ. ಲ್ಯಾಟಿನ್‌ನಲ್ಲಿ ಕ್ಯಾವಸ್ ಅಂದರೆ ಟೊಳ್ಳು, ಕಾರ್ನು ಅಂದರೆ ಕೊಂಬು.

ಈ ಸಂಕ್ರಾಂತಿಗೆ ದನದ ಕೊಂಬಿಗೆ ಬಣ್ಣ ಹಚ್ಚುವ ಕಡೆ ಮಗಳನ್ನು ಕರೆದುಕೊಂಡು ಹೋಗಿ. ಸಾಧು ಹಸು ಆದರೆ ಮಾಲೀಕರನ್ನು ಕೇಳಿ ಕೊಂಬು ಮುಟ್ಟಿಸಿ. ತುದಿ ತಣ್ಣಗಿರುತ್ತದೆ, ಬುಡ ಬೆಚ್ಚಗಿರುತ್ತದೆ.