ಹೆಡ್‌ನೊಳಗೆ ಮುರಿದುಳಿದ ಸ್ಟಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ 150 ಸಿಸಿ ಬೈಕಿಗೆ ಹತ್ತು ವರ್ಷ ದಾಟಿದೆ. ಬೆಂಡ್ ಪೈಪಿನ ಹತ್ತಿರ ಹೊಗೆ ಲೀಕ್ ಆಗುತ್ತಿದೆ ಎಂದು ಗ್ಯಾಸ್ಕೆಟ್ ಬದಲಿಸಲು ಹೋದಾಗ ಒಂದು ಸ್ಟಡ್ (ಪೈಪನ್ನು ಸಿಲಿಂಡರ್ ಹೆಡ್‌ಗೆ ಹಿಡಿಯುವ ತಲೆಯಿಲ್ಲದ ಬೋಲ್ಟ್) ನಟ್ಟಿನ ಸಮೇತ ತಿರುಚಿಕೊಂಡು ಮುರಿಯಿತು. ಹೆಡ್‌ನಿಂದ ಸುಮಾರು 3 ಎಂಎಂ ಹೊರಗೆ ಉಳಿದಿದೆ. ಗ್ಯಾರೇಜಿನವರು ಹೆಡ್ಡೇ ಬದಲಿಸಿ ಎನ್ನುತ್ತಾರೆ. ಬೇರೆ ದಾರಿ ಇದೆಯೇ?
— ಹೊನ್ನಾವರದ ಓದುಗರು

ಉತ್ತರ: ಖಂಡಿತ ಇದೆ. ಹೊರಗೆ ಉಳಿದಿರುವ ಆ 3 ಎಂಎಂ ನಿಮ್ಮ ಆಸ್ತಿ. ಅದನ್ನು ಉಜ್ಜಿ ಸಮ ಮಾಡಲು ಯಾರಿಗೂ ಬಿಡಬೇಡಿ.

ಮೊದಲು ಅಲ್ಲಿ ಏನಾಗಿದೆ ಎಂದು ನೋಡೋಣ. ಸ್ಟಡ್ ಉಕ್ಕಿನದು, ಹೆಡ್ ಅಲ್ಯೂಮಿನಿಯಂನದು. ಕಡಲ ತೀರದ ಉಪ್ಪಿನ ತೇವ ಎರಡರ ನಡುವೆ ಇಳಿದರೆ ಸವೆಯುವುದು ಅಲ್ಯೂಮಿನಿಯಂ. ಅದರಿಂದ ಹುಟ್ಟುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಥ್ರೆಡ್‌ನ ಸಂದಿಯಲ್ಲೆಲ್ಲ ಬಿಗಿದು ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಈ ಪುಡಿಯನ್ನು ಕರಗಿಸುವುದಿಲ್ಲ. ಹೊಡೆದು ಒಂದು ರಾತ್ರಿ ಬಿಟ್ಟರೆ ನಷ್ಟವೇನಿಲ್ಲ, ಆದರೆ ಅದೊಂದನ್ನೇ ನಂಬಬೇಡಿ.

ಇಲ್ಲಿ ಕೆಲಸ ಮಾಡುವುದು ಬಿಸಿ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 6 ಎಂಎಂ ಸ್ಟಡ್ಡಿನ ಸುತ್ತ 130 ಡಿಗ್ರಿಯಷ್ಟು ಬಿಸಿ ಏರಿದರೆ ತೂತು ಸ್ಟಡ್ಡಿಗಿಂತ 8–9 ಮೈಕ್ರಾನ್ ಹೆಚ್ಚು ಅಗಲವಾಗುತ್ತದೆ. ತಲೆಗೂದಲಿನ ದಪ್ಪದ ಎಂಟನೇ ಒಂದು ಪಾಲೂ ಸರಿಯಾಗಿ ಇಲ್ಲ, ಆದರೂ ಕರಗಿದ ಮೇಣ ನುಗ್ಗಲು ಅಷ್ಟು ಸಾಕು. ಟ್ಯಾಂಕ್ ಬಿಚ್ಚಿ ದೂರ ಇಡಿ, ಪೆಟ್ರೋಲ್ ಪೈಪ್ ಮುಚ್ಚಿ. ಹಾಟ್ ಏರ್ ಗನ್ ಅಥವಾ ಸಣ್ಣ ಗ್ಯಾಸ್ ಟಾರ್ಚಿನಿಂದ ಸ್ಟಡ್ಡನ್ನಲ್ಲ, ಅದರ ಸುತ್ತಲಿನ ಹೆಡ್ಡನ್ನು ಕಾಯಿಸಿ. ನೀರಿನ ಹನಿ ಬಿಟ್ಟ ತಕ್ಷಣ ಚುಂಯ್ ಎಂದು ಆರಿಹೋಗುವಷ್ಟು ಬಿಸಿ ಸಾಕು. ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಬಣ್ಣ ಬದಲಿಸದೆಯೇ ಕುಸಿದುಬಿಡುತ್ತದೆ. ಬಿಸಿ ಇರುವಾಗಲೇ ಸ್ಟಡ್ಡಿನ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸಿ, ಮೇಣ ತಾನಾಗಿ ಒಳಗೆ ಹೀರಿಕೊಳ್ಳುತ್ತದೆ.

ಈಗ ನಟ್ ವೆಲ್ಡಿಂಗ್. 3 ಎಂಎಂ ತುಂಡಿನ ಮೇಲೆ ವೈಸ್ ಗ್ರಿಪ್ ಜಾರಿ ಅಂಚು ಸವೆಸುತ್ತದೆ, ಅದರ ಆಸೆ ಬಿಡಿ. ಮಿಗ್ ವೆಲ್ಡಿಂಗ್ (ಗನ್ನಿನಿಂದ ತಂತಿ ತಾನಾಗಿ ಬರುವ ವೆಲ್ಡಿಂಗ್) ಇರುವವರ ಹತ್ತಿರ ಹೋಗಿ, ತುಂಡಿನ ಮೇಲೆ ಒಂದು ಎಂ8 ನಟ್ (8 ಎಂಎಂ ಬೋಲ್ಟಿನ ನಟ್) ಕೂರಿಸಿ, ನಟ್ಟಿನ ತೂತಿನ ಒಳಗಿನಿಂದ, ತುಂಡಿನ ತಲೆಯಿಂದಲೇ ಶುರುಮಾಡಿ ತುಂಬಿಸಲು ಹೇಳಿ. ಎಂ6 ನಟ್ಟಿಗಿಂತ ಎಂ8 ಮೇಲು, ವೆಲ್ಡಿಂಗ್ ತಂತಿ ಬುಡದವರೆಗೆ ತಲುಪುತ್ತದೆ. ನಟ್ಟಿನ ಸತುವಿನ ಲೇಪನವನ್ನು ಮೊದಲೇ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ವೆಲ್ಡ್ ಗುಳ್ಳೆಗುಳ್ಳೆಯಾಗುತ್ತದೆ, ಹೊಗೆಯೂ ಆರೋಗ್ಯಕ್ಕೆ ಕೆಟ್ಟದ್ದು. ಬ್ಯಾಟರಿಯ ಎರಡೂ ವಯರ್ ಬಿಚ್ಚಿರಬೇಕು, ಅರ್ತ್ ಕ್ಲಾಂಪ್ ಹೆಡ್‌ಗೇ ಹಾಕಬೇಕು. ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿಯಾದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಪ್ಲರ್ ಕೂಡ ಬಿಚ್ಚಿ.

ಕೆಂಪು ಆರಿದ ಮೇಲೆ, ಇನ್ನೂ ಬಿಸಿ ಇರುವಾಗ, ಸ್ಪ್ಯಾನರ್ ಹಾಕಿ. ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ, ಹೀಗೆ ಹಿಂದೆ ಮುಂದೆ. ಒಂದೇ ಕಡೆ ಬಲ ಹಾಕಿದರೆ ವೆಲ್ಡ್ ಕಿತ್ತು ಬರುತ್ತದೆ. ಬಂದರೂ ಗಾಬರಿ ಬೇಡ, ಇನ್ನೊಂದು ನಟ್ ಹಾಕಿಸಿ. ಮೂರು ನಾಲ್ಕು ನಟ್ ಬೇಕಾಗುವುದು ಮಾಮೂಲು, ಪ್ರತಿ ಸಲದ ಕಾವೂ ಒಳಗಿನ ಪುಡಿಯನ್ನು ಸಡಿಲಿಸುತ್ತಲೇ ಇರುತ್ತದೆ. ಇನ್ನೊಂದು ಸ್ಟಡ್ಡಿಗೂ ಅಷ್ಟೇ ವಯಸ್ಸಾಗಿದೆ. ಅದರ ನಟ್ಟನ್ನೂ ಬಿಸಿ ಮಾಡದೆ ಮುಟ್ಟಬೇಡಿ.

ಪ್ರಶ್ನೆ: ನನ್ನ ಸ್ಕೂಟರಿನ ಕ್ರ್ಯಾಂಕ್‌ಕೇಸಿನಲ್ಲಿ ಬೋಲ್ಟ್ ಮೇಲ್ಮೈಗಿಂತ ಒಳಗೇ ಮುರಿದಿದೆ. ಈಸಿ-ಔಟ್ ಹಾಕಿ ತೆಗೆಯಬಹುದೇ?
— ದಾವಣಗೆರೆಯ ಓದುಗರು

ಉತ್ತರ: ಈಸಿ-ಔಟ್ ಎಂದರೆ ಮುರಿದ ಬೋಲ್ಟಿನಲ್ಲಿ ತೂತು ಕೊರೆದು, ಅದರೊಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಉಪಕರಣ. ಜಾಮ್ ಆಗಿ ಮುರಿದ 6 ಎಂಎಂ ಬೋಲ್ಟಿಗೆ ನಾವು ಅದನ್ನು ಶಿಫಾರಸು ಮಾಡುವುದಿಲ್ಲ. ತಿರುಚುವ ಬಲವನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 6 ಎಂಎಂ ಬೋಲ್ಟೇ ತಡೆಯದ ಬಲವನ್ನು 3 ಎಂಎಂ ಈಸಿ-ಔಟ್, ಅದೆಷ್ಟೇ ಗಟ್ಟಿ ಉಕ್ಕಿನದಾದರೂ, ತಡೆಯುತ್ತದೆಂದು ನಂಬುವುದು ಹೇಗೆ? ಬೆಣೆಯಾಕಾರದ್ದಾದ್ದರಿಂದ ಬೋಲ್ಟನ್ನು ಅಗಲಿಸಿ ಇನ್ನಷ್ಟು ಬಿಗಿಯಾಗಿಸುತ್ತದೆ ಬೇರೆ. ಅದೂ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು. ಆಗ ಸ್ಪಾರ್ಕ್ ಎರೋಷನ್ ಯಂತ್ರ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಯಂತ್ರ) ಇರುವವರನ್ನು ಹುಡುಕಬೇಕು. ಬೆಂಗಳೂರಿನ ಪೀಣ್ಯದಂಥ ಕಡೆ ಟೂಲ್ ರೂಮ್‌ಗಳಲ್ಲಿ ಸಿಗುತ್ತದೆ, ಆದರೆ ಇಂಜಿನ್ ಬಿಚ್ಚಿ ಕೇಸ್ ಒಂದನ್ನೇ ಒಯ್ಯಬೇಕು.

ಒಳಗೆ ಮುರಿದದ್ದನ್ನು ನಡುಮಧ್ಯ ಕೊರೆಯುವುದೇ ಸರಿ. ಕಷ್ಟವಿರುವುದು ಆ ನಡುಮಧ್ಯದಲ್ಲಿ. ಮುರಿದ ಮುಖ ಓರೆಯಾಗಿರುತ್ತದೆ, ಬಿಟ್ ಗಟ್ಟಿ ಉಕ್ಕಿನಿಂದ ಜಾರಿ ಮೆತ್ತಗಿನ ಅಲ್ಯೂಮಿನಿಯಂಗೆ ನುಗ್ಗುತ್ತದೆ. ಕೈಯಲ್ಲಿ ಹಿಡಿದು ಅಂದಾಜಿನಲ್ಲಿ ಕೊರೆದವರ ತೂತು ಮೊಟ್ಟೆಯಾಕಾರಕ್ಕೆ ಬರುವುದು ಹೀಗೆ. ಇದಕ್ಕೆ ಲೇತ್‌ನವರಿಂದ ಒಂದು ಉಕ್ಕಿನ ಬುಷ್ ಮಾಡಿಸಿ. ಆ ಬೋಲ್ಟ್ ಹಿಡಿಯುತ್ತಿದ್ದ ಕವರಿನ ತೂತಿನಲ್ಲಿ ಅಲುಗದೆ ಕೂರುವ ಹೊರ ಅಳತೆ, ನಡುವೆ 3 ಎಂಎಂ ತೂತು. ಕವರನ್ನು ಉಳಿದ ಬೋಲ್ಟುಗಳಿಂದ ಬಿಗಿದು ಬುಷ್ ಮೂಲಕ ಕೊರೆಯಿರಿ. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಅದನ್ನೇ ಬಳಸಿ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ಬೋಲ್ಟ್ ತಿರುಗಿ ಹೊರಬರುತ್ತದೆ. ಬಾರದಿದ್ದರೆ 4, ಆಮೇಲೆ 4.8 ಎಂಎಂ. ಉಳಿಯುವುದು ಸ್ಪ್ರಿಂಗಿನಂಥ ತೆಳು ಥ್ರೆಡ್ ಮಾತ್ರ. ಚೂಪು ಮೊನೆಯಿಂದ ಅದರ ತುದಿ ಎತ್ತಿ ಇಕ್ಕಳದಲ್ಲಿ ಸುತ್ತಿ ಎಳೆಯಿರಿ, ನಂತರ ಎಂ6 ಟ್ಯಾಪನ್ನು (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಸೀಮೆಎಣ್ಣೆ ಹಾಕುತ್ತಾ ಕೈಯಲ್ಲೇ ತಿರುಗಿಸಿ. ಆಳ ಎಷ್ಟೆಂದು ಹೊಸ ಬೋಲ್ಟಿನಿಂದ ಅಳೆದು ಬಿಟ್‌ಗೆ ಟೇಪ್ ಸುತ್ತಿಕೊಳ್ಳುವುದನ್ನು ಮರೆಯಬೇಡಿ.

ಪ್ರಶ್ನೆ: ಥ್ರೆಡ್ ಹೋಗಿದ್ದರೆ ಎಂ8 ಟ್ಯಾಪ್ ಹೊಡೆಸಿ ದಪ್ಪ ಬೋಲ್ಟ್ ಹಾಕಬಹುದೇ?
— ಹಾಸನದ ಓದುಗರು

ಉತ್ತರ: ಸುತ್ತಲಿನ ಗೋಡೆ ತೆಳುವಾಗುತ್ತದೆ, ಕವರಿನ ತೂತೂ ಅಗಲಿಸಬೇಕಾಗುತ್ತದೆ. ಹೆಲಿಕಾಯಿಲ್, ಅಂದರೆ ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ, ಹಾಕಿಸಿ. ಎಂ6ಕ್ಕೆ 6.3 ಎಂಎಂ ಡ್ರಿಲ್, ಆಮೇಲೆ ಕಿಟ್‌ನಲ್ಲಿ ಬರುವ ಅದರದೇ ಟ್ಯಾಪ್. ಎಂ7 ಟ್ಯಾಪ್ ಇದಕ್ಕೆ ಆಗದು. ಆಳ ಇದ್ದರೆ 12 ಎಂಎಂ ಉದ್ದದ ಕಾಯಿಲ್ ತೆಗೆದುಕೊಳ್ಳಿ. ಮೇಲ್ಮೈಗಿಂತ ಅರ್ಧ ಸುತ್ತು ಕೆಳಗೆ ನಿಲ್ಲಿಸಿ, ಕಾಯಿಲ್‌ನ ಬುಡದಲ್ಲಿ ಅಡ್ಡಕ್ಕಿರುವ ತಂತಿಯ ತುಂಡನ್ನು ಮುರಿದು ಹೊರತೆಗೆಯಿರಿ.

ಪ್ರಶ್ನೆ: ಮತ್ತೆ ಹೀಗಾಗದಂತೆ ಸ್ಟೇನ್‌ಲೆಸ್ ಬೋಲ್ಟ್ ಹಾಕಲೇ?
— ಕಾರವಾರದ ಓದುಗರು

ಉತ್ತರ: ಬೋಲ್ಟ್ ಹೊಳೆಯುತ್ತಿರುತ್ತದೆ, ಅದರ ಸುತ್ತಲಿನ ಅಲ್ಯೂಮಿನಿಯಂ ಸವೆಯುತ್ತಿರುತ್ತದೆ. ಕಂಪನಿಯ ಸತು ಲೇಪಿತ ಉಕ್ಕಿನ ಬೋಲ್ಟೇ ಇರಲಿ. ಸೈಲೆನ್ಸರ್ ಹತ್ತಿರ ಮಾಮೂಲಿ ಗ್ರೀಸ್ ಸುಟ್ಟುಹೋಗುತ್ತದೆ, ನಿಕಲ್ ಇರುವ ಆ್ಯಂಟಿ-ಸೀಜ್ ಪೇಸ್ಟನ್ನು ಥ್ರೆಡ್‌ಗೆ ತೆಳುವಾಗಿ ಸವರಿ. ಪೇಸ್ಟ್ ಹಾಕಿದಾಗ ಥ್ರೆಡ್ ಜಾರುವುದರಿಂದ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ. ಮ್ಯಾನುಯಲ್‌ನಲ್ಲಿ 10 ನ್ಯೂಟನ್ ಮೀಟರ್ ಎಂದಿದ್ದರೆ 8ಕ್ಕೆ ನಿಲ್ಲಿಸಿ.